ಮುಗಿಯದ ಡಬ್ಬಿ

ಕಡಿಮೆ ಕೊಡುವವರನ್ನು ಹಿಡಿಯುವುದು ನನ್ನ ಕಸುಬಾಗಿತ್ತು. ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರನಾಗಿ ಪೇಟೆಯ ತಕ್ಕಡಿಗಳನ್ನೆಲ್ಲ ನಡುಗಿಸಿದವನು ನಾನು. ಆದರೆ ಕೇಳದೆ ಹೆಚ್ಚು ಕೊಡುವವರನ್ನು ಹಿಡಿಯುವುದು ಹೇಗೆಂದು ಇಲಾಖೆ ನನಗೆ ಕಲಿಸಿರಲಿಲ್ಲ. ಅದರಲ್ಲೂ ಕೊಡುವವನು ಸತ್ತು ತಿಂಗಳಾಗಿದ್ದರೆ ನೋಟೀಸನ್ನು ಯಾವ ವಿಳಾಸಕ್ಕೆ ಕಳಿಸಬೇಕು, ನೀವೇ ಹೇಳಿ.

ವಿಷಯ ಸಿಗಾರಿನದು. (ನನ್ನ ಹೆಂಡತಿ ಅದನ್ನು ‘ಚುಟ್ಟ’ ಎನ್ನುತ್ತಾಳೆ. ಅವಳಿಗೆ ಚಂದ್ರನೂ ಒಂದು ಬಲ್ಬು.) ಸಿಗಾರ್ ಪ್ರಿಯರಲ್ಲಿ ಎರಡು ಪಂಗಡ. ದಪ್ಪನೆಯದನ್ನು ಬಾಯಿಗೆ ತುರುಕಿಕೊಂಡು ಇಟ್ಟಿಗೆ ಗೂಡಿನಂತೆ ಹೊಗೆ ಬಿಡುವವರು ಒಂದು ಪಂಗಡ. ಅವರನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಿರುಬೆರಳಿನಷ್ಟು ದಪ್ಪದ, ಗೇಣಿಗೆ ತುಸು ಕಡಿಮೆ ಉದ್ದದ ಸಣ್ಣ ಸಿಗಾರನ್ನು ಆರಾಧಿಸುವವರು ಇನ್ನೊಂದು. ಸಣ್ಣದರಲ್ಲಿ ಒಳಗಿನ ಎಲೆ ಕಡಿಮೆ, ಮೇಲೆ ಸುತ್ತಿದ ಹೊದಿಕೆಯ ಪಾಲು ಹೆಚ್ಚು. ಸಿಗಾರಿನ ಆತ್ಮವೇ ಆ ಹೊದಿಕೆ. ಆದರೆ ಇದಕ್ಕೆ ಸಹನೆ ಬೇಕು. ಅವಸರದಲ್ಲಿ ಎಳೆದರೆ ಕಾದು ಕಹಿಯಾಗುತ್ತದೆ, ಹರಟುತ್ತ ಕೂತರೆ ಆರಿಹೋಗುತ್ತದೆ. ನಿಮಿಷಕ್ಕೊಂದು ದಮ್ಮಿನಂತೆ, ಕಣ್ಣು ಮುಚ್ಚಿ, ತುಟಿ ಬಿಚ್ಚದೆ ಒಂದೂವರೆ ಗಂಟೆ ಕೂರಬೇಕು. ಇದನ್ನು ಧೂಮಪಾನ ಎನ್ನುವುದು ಅಪಚಾರ, ಧೂಮಯೋಗ ಎನ್ನಬೇಕು.

ಯೋಗ ಹೇಳಿಕೊಟ್ಟ ಗುರು ನಮ್ಮ ಗಡಿಯಾರ ರಿಪೇರಿಯವನು. ಸಿಗಾರಿನಂತೆಯೇ ಸಣ್ಣಗೆ, ಉದ್ದಕ್ಕೆ ಇದ್ದ. ಹೋದ ತಿಂಗಳು ಅಂಗಡಿಯಲ್ಲಿ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡವನು ಕೂತಲ್ಲೇ ಹೋಗಿಬಿಟ್ಟ. ಹದಿನೈದು ದಿನದ ನಂತರ ಅವನ ಹೆಂಡತಿ, ಅವನು ನನಗೆಂದು ಎತ್ತಿಟ್ಟಿದ್ದ ಒಂದು ಮರದ ಡಬ್ಬಿ ತಂದುಕೊಟ್ಟರು. ಒಳಗೆ ಇಪ್ಪತ್ತು ಸಣ್ಣ ಸಿಗಾರು. ಮುಚ್ಚಳದ ಒಳಮೈಯಲ್ಲಿ ಅವನ ಇರುವೆ ಸಾಲಿನಂಥ ಕೈಬರಹ: ‘ಒಂದನ್ನು ಸೇದಿ ಮುಗಿಸುವ ತನಕ ಡಬ್ಬಿ ತೆರೆದಿಡು, ಉಳಿದವು ಉಸಿರಾಡಲಿ. ಅವಸರ ಮಾಡಿದರೆ ನಾನೇ ಬರುತ್ತೇನೆ.’

“ನಿಮ್ಮ ಎದೆ ಆಗಲೇ ಹಳೇ ಬಾಗಿಲಿನ ಥರ ಕಿರ್ ಕಿರ್ ಅಂತಿದೆ. ಮತ್ತೆ ಚುಟ್ಟನಾ?” ಎಂದಳು ಹೆಂಡತಿ.

“ಗುರುವಿನ ಕೊನೇ ಕಾಣಿಕೆ ಕಣೇ. ದಿನಕ್ಕೊಂದು. ಡಬ್ಬಿ ಮುಗಿದ ದಿನ ಬಿಟ್ಟೆ. ನಿನ್ನಾಣೆ.”

“ನನ್ನಾಣೆ ಹಾಕಿ ಮೂವತ್ತು ವರ್ಷದಿಂದ ನಾನು ಬದುಕೇ ಇದೀನಿ. ನಿಮ್ಮ ತಕ್ಕಡಿ ಮೇಲೆ ಆಣೆ ಹಾಕಿ.”

ಹಾಕಿದೆ. ಮನಸ್ಸಿಟ್ಟೇ ಹಾಕಿದೆ.

ಮೊದಲ ದಿನ ಸಂಜೆ ನಾಲ್ಕಕ್ಕೆ ಡಬ್ಬಿಯನ್ನು ನನ್ನ ಕೋಣೆಯ ಮೇಜಿನ ಮೇಲೆ ತೆರೆದಿಟ್ಟು, ಒಂದನ್ನು ತೆಗೆದುಕೊಂಡು ಬಾಲ್ಕನಿಗೆ ಹೋದೆ. ಮುಗಿಸಿ ಬಂದು ಮುಚ್ಚಳ ಮುಚ್ಚಿದೆ. ಮರುದಿನ ನಾಲ್ಕಕ್ಕೆ ಎಣಿಸಿದರೆ ಇಪ್ಪತ್ತು. ನಿನ್ನೆ ಎಣಿಸುವಾಗಲೇ ಒಂದು ತಪ್ಪಿರಬೇಕು ಅಂದುಕೊಂಡು ಒಂದನ್ನು ಸೇದಿದೆ. ಮೂರನೆಯ ದಿನವೂ ಇಪ್ಪತ್ತು. ನಾಲ್ಕನೆಯ ದಿನ ಎರಡೆರಡಾಗಿ, ಐದೈದಾಗಿ, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಎಣಿಸಿದೆ. ಯಾವ ಕಡೆಯಿಂದ ಹೊರಟರೂ ಇಪ್ಪತ್ತಕ್ಕೇ ಹೋಗಿ ನಿಲ್ಲುತ್ತಿತ್ತು.

ನಗಬೇಡಿ. ನಮ್ಮಪ್ಪನಿಗೆ ಕೊನೆಗಾಲದಲ್ಲಿ ಎಣಿಕೆ ತಪ್ಪಿತ್ತು. ಮೊದಲು ವಾರದ ದಿನಗಳು ತಪ್ಪಿದವು, ಆಮೇಲೆ ಮಕ್ಕಳು. ಐದು ಜನರಲ್ಲಿ ನಾನು ಯಾರೆಂದು ಅವರು ನನ್ನನ್ನೇ ಕೇಳಿದ್ದರು. ಆ ಸಂಜೆ ಬಾಲ್ಕನಿಯಲ್ಲಿ ಕೂತಾಗ ನನಗೆ ಅದೇ ನೆನಪಾಯಿತು. ಯಾರಿಗೂ ಹೇಳುವಂತಿರಲಿಲ್ಲ. ಹಾಲು ಕಾಲು ಚಮಚ ಕಡಿಮೆಯಾಯಿತೆಂದು ಬೆಳಿಗ್ಗೆಯಷ್ಟೇ ಸೊಸೆಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟವನು, ಸಂಜೆ ನನಗೆ ಇಪ್ಪತ್ತು ಎಣಿಸಲು ಬರುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಕೊನೆಗೆ ಇಲಾಖೆಯ ಬುದ್ಧಿ ಕೆಲಸಕ್ಕೆ ಬಂತು. ಇಪ್ಪತ್ತಕ್ಕೂ ಬುಡದಲ್ಲಿ ಶಾಯಿಯ ಚುಕ್ಕೆ ಇಟ್ಟು ಒಂದನ್ನು ಸೇದಿದೆ. ಮರುದಿನ ಮುಚ್ಚಳ ತೆಗೆದರೆ ಹತ್ತೊಂಬತ್ತಕ್ಕೆ ಚುಕ್ಕೆಯಿತ್ತು. ಇಪ್ಪತ್ತನೆಯದಕ್ಕೆ ಇರಲಿಲ್ಲ. ಅಂದರೆ ಎಣಿಕೆ ನನ್ನದು ಸರಿ, ಸಿಗಾರು ಹೊಸದು. ಬುದ್ಧಿ ಉಳಿಯಿತು, ಧೈರ್ಯ ಹೋಯಿತು.

ಆ ಚುಕ್ಕೆಯಿಲ್ಲದ್ದನ್ನು ಎತ್ತಿ ಅಳೆದೆ. ಉದ್ದ ಹದಿನೆಂಟು ಸೆಂಟಿಮೀಟರು, ದಪ್ಪ ಹದಿನೈದು ಮಿಲಿಮೀಟರು. ಉಳಿದವಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ಕರಾರುವಾಕ್ಕಾದ ಕೈ ನಮ್ಮ ಪೇಟೆಯಲ್ಲಿ ಒಂದೇ ಇತ್ತು, ಅದೂ ಮಣ್ಣಾಗಿತ್ತು. ಇನ್ನೊಂದು ವಿಷಯ. ಉಳಿದವು ಒಣಗಿದ್ದವು, ಇದು ಮಾತ್ರ ಯಾರದೋ ಬೆರಳಿನಿಂದ ಈಗಷ್ಟೇ ಜಾರಿದಂತೆ ಕೊಂಚ ಹಸಿ ಇತ್ತು.

ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ದಿಂಬಿನ ಚೀಲದೊಳಗೆ ಇಟ್ಟೆ. ಕೋಣೆಯ ನೆಲದ ಮೇಲೆಲ್ಲ ಹಿಟ್ಟು ಚೆಲ್ಲಿದೆ. (“ಅಡುಗೆಮನೇಲಿ ಒಂದು ಚಿಟಿಕೆ ಬಿದ್ರೆ ಮಹಜರು ಮಾಡ್ತಾರೆ, ಇಲ್ಲಿ ನೋಡು ದರ್ಬಾರು!” ಎಂದಳು ಹೆಂಡತಿ.) ಮರುದಿನ ಹಿಟ್ಟಿನ ಮೇಲೆ ಒಂದು ಇರುವೆಯ ಹೆಜ್ಜೆಯೂ ಇರಲಿಲ್ಲ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಇಪ್ಪತ್ತು.

ನಮ್ಮ ಪಂಗಡದಲ್ಲಿ ಉಳಿದಿದ್ದ ಮೂರನೆಯವನು ಹಲ್ಲಿನ ಡಾಕ್ಟರು. ಅವನನ್ನು ಕರೆದು ಒಂದು ಸಿಗಾರು ಕೊಟ್ಟು ವಿಷಯ ಹೇಳಿದೆ. ಆ ಹೊಗೆಯಲ್ಲಿ ಹಳೆಯ ದೇವದಾರು, ಜೇನು, ಮಳೆಯಲ್ಲಿ ನೆನೆದ ಚರ್ಮ ಎಲ್ಲವನ್ನೂ ಇಬ್ಬರೂ ಗುರುತಿಸಿದೆವು.

“ಸಂಶಯ ಬೇಡ, ಅವನೇ. ಸತ್ತ ಮೇಲೂ ಸ್ನೇಹಿತನ ಡಬ್ಬಿ ಖಾಲಿ ಆಗಬಾರದು ಅಂತ ಬರ್ತಿದಾನೆ,” ಎಂದ ಡಾಕ್ಟರು.

“ಬಂದು ಬಂದು ಕೊನೆಗೆ ಏನು ಕೇಳ್ತಾನೆ?”

“ಡಬ್ಬಿ ಮುಗಿಯೋವರೆಗೂ ಕೇಳಲ್ಲ,” ಎಂದವನು ಟೋಪಿಯನ್ನು ಅಲ್ಲೇ ಮರೆತು ಹೊರಟುಹೋದ.

ಡಬ್ಬಿ ಮುಗಿಯುವುದಾದರೂ ಹೇಗೆ? ಮುಗಿಸದೆ ಬಿಟ್ಟರೆ ಸತ್ತವನಿಗೆ ಸಿಟ್ಟು ಬರುತ್ತದೆ. ಬಿಡದಿದ್ದರೆ ಬದುಕಿರುವವಳಿಗೆ ಬರುತ್ತದೆ. ವಿಚಿತ್ರವೆಂದರೆ ಬದುಕಿರುವವಳು ಈ ನಡುವೆ ಚುಟ್ಟದ ಮಾತನ್ನೇ ಎತ್ತುತ್ತಿರಲಿಲ್ಲ. ಮೂರೂಮುಕ್ಕಾಲಾದರೆ ಸಾಕು, “ಟೈಮ್ ಆಯ್ತಲ್ರೀ, ಹೋಗಲ್ವಾ?” ಎಂದು ಮೃದುವಾಗಿ ಕೇಳುತ್ತಿದ್ದಳು. ಪ್ರೇತ ಅವಳನ್ನೂ ಹಿಡಿಯಿತೇ ಎಂದು ಅವಳ ಕಾಲುಗಳನ್ನು ಎರಡು ಸಲ ಬಗ್ಗಿ ನೋಡಿದೆ. ನೆಟ್ಟಗೇ ಇದ್ದವು.

ಇಪ್ಪತ್ತಮೂರನೆಯ ದಿನ. ಮೋಡ ಕವಿದು ನಾಲ್ಕೂವರೆಗೇ ಕತ್ತಲಾದಂತಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅವಸರದ ಭಯಕ್ಕೆ ನಾನು ಎರಡು ನಿಮಿಷಕ್ಕೊಂದು ದಮ್ಮು ಎಳೆಯುತ್ತಿದ್ದೆ. ಸಿಗಾರು ಆರಿಹೋಯಿತು. ಬೆಂಕಿಪೊಟ್ಟಣ ಕೋಣೆಯಲ್ಲಿತ್ತು. ಯೋಗದ ನಡುವೆ ನಾನು ಎದ್ದದ್ದು ಅದೇ ಮೊದಲು.

ಬಾಗಿಲು ತಳ್ಳಿದೆ. ಪರದೆ ಎಳೆದ ಕೋಣೆಯಲ್ಲಿ ತೆರೆದ ಡಬ್ಬಿಯ ಮೇಲೆ ಒಂದು ಕೈ ಇತ್ತು. ಬರೀ ಕೈ. ಮೊಣಕೈವರೆಗೆ ಪರದೆಯ ನೆರಳು, ಅಲ್ಲಿಂದಾಚೆಗೆ ಉದ್ದನೆಯ ಬಿಳುಚಿದ ಬೆರಳುಗಳು, ತುದಿಯಲ್ಲಿ ಕಂದು ಕಲೆ. ಆ ಬೆರಳುಗಳ ನಡುವೆ ಒಂದು ಸಣ್ಣ ಸಿಗಾರು ನಿಧಾನವಾಗಿ, ಮಗುವನ್ನು ತೊಟ್ಟಿಲಿಗೆ ಇಳಿಸಿದಂತೆ, ಡಬ್ಬಿಯೊಳಗೆ ಇಳಿಯುತ್ತಿತ್ತು.

ನಾನು ಕಿರುಚಿದೆ. ಕೈಯೂ ಕಿರುಚಿತು.

ಹೆಂಡತಿ ದೀಪ ಹಾಕಿದಳು. ಪರದೆಯ ಬಳಿ ನಿಂತು ಎದೆ ಹಿಡಿದುಕೊಂಡಿದ್ದವರು ಗಡಿಯಾರದವನ ಹೆಂಡತಿ. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಸೊಸೆ, ಕೈಯಲ್ಲಿ ಮೂರು ಕಪ್ಪಿನ ತಟ್ಟೆ.

ನನಗೆ ಆಗ ಹೊಳೆಯಿತು. ದಿನದ ಇಪ್ಪತ್ತೆರಡೂವರೆ ಗಂಟೆ ನಾನು ಡಬ್ಬಿಗೆ ಬೀಗ, ಹಿಟ್ಟು, ಚುಕ್ಕೆ ಎಲ್ಲದರ ಕಾವಲಿಟ್ಟಿದ್ದೆ. ಉಳಿದ ಒಂದೂವರೆ ಗಂಟೆ ಅದು ಗುರುವಿನ ಅಪ್ಪಣೆಯಂತೆ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಸೇದುವ ಮೊದಲು ಎಣಿಸುತ್ತಿದ್ದೆ, ಸೇದಿದ ಮೇಲೆ ಎಣಿಸುತ್ತಿರಲಿಲ್ಲ. ಪೇಟೆಯ ವರ್ತಕರು ಮೂವತ್ತೆರಡು ವರ್ಷ ನನ್ನನ್ನು ಅಷ್ಟು ಗೌರವದಿಂದ ಕಂಡದ್ದು ಏಕೆಂದು ಈಗ ಯೋಚಿಸಿದರೆ ನಿದ್ದೆ ಬರುವುದಿಲ್ಲ.

“ನೀವು ಎಲ್ಲಿಂದ ತರ್ತಿದೀರಿ ಇವನ್ನ?” ಎಂದೆ.

“ತರೋದೇನು, ನಾನೇ ಸುತ್ತೋದು,” ಎಂದರು ಅವರು. “ಮದುವೆಗೆ ಮುಂಚೆ ಸಿಗಾರು ಕಾರ್ಖಾನೇಲಿದ್ದೆ. ಅವರಿಗೂ ಹತ್ತು ವರ್ಷದಿಂದ ನಾನೇ ಸುತ್ತಿ ಕೊಡ್ತಿದ್ದೆ. ಮೇಲೊಂದು ಸುತ್ತು ಹೊಗೆಸೊಪ್ಪು. ಒಳಗೆಲ್ಲ ಒಣಗಿದ ಸೀಬೆ ಎಲೆ.”

“ಸೀಬೆ ಎಲೆ?”

“ಎದೆಗೆ ಅಷ್ಟು ಕೆಟ್ಟದ್ದಲ್ಲ, ನಾನು ವಿಚಾರಿಸಿದೆ,” ಎಂದಳು ಹೆಂಡತಿ. “ಸಣ್ಣ ಚುಟ್ಟಕ್ಕೆ ಹೊದಿಕೇನೇ ರುಚಿ ಅಂತ ನೀವೇ ತಾನೇ ದಿನಾ ಹೇಳೋದು?”

ಹಳೆಯ ದೇವದಾರು. ಜೇನು. ಮಳೆಯಲ್ಲಿ ನೆನೆದ ಚರ್ಮ. ನಾನು ಕುರ್ಚಿ ಹಿಡಿದುಕೊಂಡು ಕೂತೆ.

“ಅದಿರಲಿ. ಡಬ್ಬಿ ಮುಗಿದರೆ ಬಿಡ್ತೀನಿ ಅಂತ ಆಣೆ ಹಾಕಿದ್ನಲ್ಲೇ! ಮೂವತ್ತು ವರ್ಷದಿಂದ ನಿನಗೆ ಬೇಕಾಗಿದ್ದು ಅದೇ ತಾನೆ? ಮತ್ತೆ ಯಾಕೆ ತುಂಬಿಸ್ತಿದ್ದೆ?”

ಹೆಂಡತಿ ಸೊಸೆಯನ್ನು ನೋಡಿದಳು. ಸೊಸೆ ತಟ್ಟೆಯನ್ನು ನೋಡಿದಳು.

“ಮೊದಲನೇ ದಿನ ನೀವು ಆಚೆ ಹೋಗಿ ಕೂತ್ರಲ್ಲ,” ಎಂದಳು ಹೆಂಡತಿ ತಗ್ಗಿದ ದನಿಯಲ್ಲಿ, “ಒಂದೂವರೆ ಗಂಟೆ ಉಪ್ಪೆಷ್ಟು ಹಾಕಿದ್ರಿ ಅಂತ ಯಾರೂ ಕೇಳಲಿಲ್ಲ. ನಲ್ಲಿ ಯಾಕೆ ಜಾಸ್ತಿ ತಿರುಗಿಸಿದ್ರಿ ಅಂತ ಕೇಳಲಿಲ್ಲ. ನಾವಿಬ್ರೂ ಸುಮ್ನೆ ಕೂತ್ವಿ ಕಣ್ರೀ. ನೀವು ರಿಟೈರ್ ಆದ ಮೇಲೆ ನಾನು ಹಾಗೆ ಕೂತೇ ಇರಲಿಲ್ಲ. ಇನ್ನು ಹತ್ತೊಂಬತ್ತೇ ದಿನ ಅಂತ ಲೆಕ್ಕ ಹಾಕಿದೆ. ದಿನಾ ಒಂದು ಸುತ್ತಿ ಹಾಕಿ ಅಂತ ಇವರನ್ನ ಕೇಳಿಕೊಂಡೆ.”

“ನಮ್ಮನೇಲೂ ಅದೇ ಕಥೆ,” ಎಂದರು ಗಡಿಯಾರದವನ ಹೆಂಡತಿ. “ಸಣ್ಣದೇ ಒಳ್ಳೇದು, ನಿಧಾನವಾಗಿ ಸೇದಬೇಕು, ಮಾತಾಡಬಾರದು ಅಂತ ಅವರಿಗೆ ಹೇಳಿಕೊಟ್ಟಿದ್ದೂ ನಾನೇ.”

ನನಗೆ ನೋವಾಯಿತು. ಸಿಟ್ಟೂ ಬಂತು. ಸಿಗಾರನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತೆ.

“ಸರಿ ಹಾಗಾದ್ರೆ. ಈ ಕ್ಷಣದಿಂದ ಬಿಟ್ಟೆ! ನಾಳೆಯಿಂದ ನಾಲ್ಕು ಗಂಟೆಗೂ ಒಳಗೇ ಇರ್ತೀನಿ. ನಿಮ್ಮ ಜೊತೇಲೇ ಕೂರ್ತೀನಿ.”

ದೆವ್ವ ಕಂಡವರ ಮುಖ ಹೇಗಿರುತ್ತದೆಂದು ನಾನು ನೋಡಿದ್ದು ಆಗ. ಮೂರು ಮುಖಗಳೂ ಒಟ್ಟಿಗೆ ಬಿಳಿಚಿದವು. ತಟ್ಟೆಯ ಮೇಲಿನ ಕಪ್ಪುಗಳು ಸಣ್ಣಗೆ ಕಟಕಟ ಎಂದವು.

ಮೂವತ್ತು ವರ್ಷ ನನ್ನ ಬಾಯಿಂದ ಚುಟ್ಟ ಕಿತ್ತು ಎಸೆದವಳು ಮೇಜಿನ ಮೇಲಿದ್ದ ಸಿಗಾರನ್ನು ಎತ್ತಿ, ಸೆರಗಿನಿಂದ ಬೂದಿ ಒರೆಸಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

“ಬಿಡಬೇಡಿ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಬೆಂಕಿಪೊಟ್ಟಣ ತೆಗೆದುಕೊಂಡು ಬಾಲ್ಕನಿಗೆ ಬಂದು ಕೂತೆ. ಸೀಬೆ ಎಲೆ ಹೊತ್ತಿಕೊಂಡಿತು. ಒಳಗೆ ಯಾರೋ ಮೆಲ್ಲಗೆ ಏನೋ ಅಂದರು, ಸೊಸೆ ಗೊಳ್ಳೆಂದು ನಕ್ಕಳು. ಅವಳು ಈ ಮನೆಗೆ ಬಂದು ನಾಲ್ಕು ವರ್ಷವಾಯಿತು, ಅವಳ ನಗು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಏನು ವಿಷಯವೆಂದು ಎದ್ದು ಹೋಗಿ ಕೇಳಬೇಕೆನಿಸಿತು. ಅರ್ಧ ಎದ್ದೆ. ನಾನು ಹೋದರೆ ನಗು ನಿಲ್ಲುತ್ತದೆ. ಮತ್ತೆ ಕೂತು, ಕಣ್ಣು ಮುಚ್ಚಿ, ಆ ಸಿಗಾರು ಆದಷ್ಟು ಹೊತ್ತು ಬರಲಿ ಎಂದು ನಿಧಾನವಾಗಿ ಎಳೆಯತೊಡಗಿದೆ.