ವೈನ್ ಸಿನಿಮಾಕ್ಕೆ ಮೊದಲು ಹತ್ತು ನಿಮಿಷ

ನೆನಪನ್ನು ನಾನು ನಂಬುವುದಿಲ್ಲ. ನೋಡಿದ ಸಿನಿಮಾದ ಕೊನೆಯನ್ನು ನಾನೇ ಬದಲಿಸಿ, ಆಮೇಲೆ ಅದೇ ನಿಜವೆಂದು ಜಗಳಕ್ಕೆ ನಿಂತವನು ನಾನು. ಅದಕ್ಕೇ ದಿನಚರಿ ಬರೆಯುತ್ತೇನೆ. ಅಂದಿನದ್ದನ್ನು ಅಂದೇ ಬರೆದರೆ ಸುಳ್ಳಿಗೆ ನುಸುಳಲು ಹೊತ್ತು ಸಾಲದು ಎಂಬುದು ನನ್ನ ನಂಬಿಕೆಯಾಗಿತ್ತು.

ಇತ್ತೀಚೆಗೆ ನನಗೆ ಹಿಡಿದಿರುವುದು ದ್ರಾಕ್ಷಿ ತೋಟದ ಸಿನಿಮಾಗಳ ಹುಚ್ಚು. ದೇಶ ಯಾವುದಾದರೂ ಕತೆ ಒಂದೇ. ಪಟ್ಟಣದಲ್ಲಿ ಸೋತವನಿಗೆ ದೊಡ್ಡಪ್ಪನ ತೋಟ ಸಿಗುತ್ತದೆ. ಮಾರಿಬಿಡೋಣವೆಂದು ಬರುತ್ತಾನೆ, ಪ್ಯಾಂಟು ಮಡಚಿ ದ್ರಾಕ್ಷಿ ತುಳಿಯುತ್ತಾನೆ, ಮಾರುವುದಿಲ್ಲ. ಇಷ್ಟಕ್ಕೆ ಎರಡು ಗಂಟೆ ಬೇಕಾಗುತ್ತದೆ. ಆದರೂ ಆ ಇಳಿಜಾರು, ಆ ಎಳೆಬಿಸಿಲು ನೋಡುತ್ತ ಕೂತರೆ ಉಡುಪಿಯ ಸೆಕೆ ಮರೆತುಹೋಗುತ್ತದೆ. ಆ ಜನ ಗ್ಲಾಸು ತಿರುಗಿಸಿ, ಮೂಸಿ, ಬಾಯಲ್ಲಿ ಆಡಿಸಿ ಕೊನೆಗೆ ಬಕೆಟ್ಟಿಗೆ ಉಗುಳುವುದನ್ನು ನೋಡಿ ನನ್ನ ಹೆಂಡತಿ ಸುಮನಾ, "ಅಷ್ಟು ಒಳ್ಳೆದಾದ್ರೆ ಉಗುಳುದು ಯಾಕೆ ಮಾರಾಯ್ರೆ? ನಿಮ್ಮ ಅಮ್ಮ ನನ್ನ ಸಾರಿನ ರುಚಿ ನೋಡಿದ ಹಾಗೆ ಉಂಟು" ಎಂದಳು.

ಮಣಿಪಾಲದಲ್ಲಿ ನಾನು ಪಾಠ ಮಾಡುವ ಕಾಲೇಜಿನ ವಿದ್ಯಾರ್ಥಿಗಳದ್ದೊಂದು ಸಿನಿಮಾ ಬಳಗವಿದೆ. ಅಂಥದ್ದೇ ಒಂದು ಸಿನಿಮಾ ತೋರಿಸುವ ಮೊದಲು ವೈನ್ ಕುರಿತು ಹತ್ತು ನಿಮಿಷ ಮಾತಾಡಿ ಎಂದರು. ಒಪ್ಪಿಬಿಟ್ಟೆ. ದೇವಸ್ಥಾನದ ಪೂಜೆ ಮಾಡುವವರ ಮನೆಯಲ್ಲಿ ಬೆಳೆದ ನಾನು ವೈನನ್ನು ನಾಲಿಗೆಗೆ ತಾಗಿಸಿದವನೇ ಅಲ್ಲ ಎಂಬುದು ಹೊಳೆದದ್ದು ಆಮೇಲೆ. ರುಚಿ ನೋಡದೆ ಮಾತಾಡುವುದು ಮಕ್ಕಳಿಗೆ ಮಾಡುವ ಮೋಸವಲ್ಲವೇ? ಗ್ರಂಥಾಲಯದ ವಿನ್ಸೆಂಟ್ ಬಳಿ ಸಂಕಟ ಹೇಳಿಕೊಂಡೆ. "ಅದಕ್ಕೆಂತ ಸರ್, ಆದಿತ್ಯವಾರ ಕಾರ್ಕಳಕ್ಕೆ ಬನ್ನಿ. ಕ್ರಿಸ್ಮಸ್ಸಿಗೆ ಮಮ್ಮಿ ಮಾಡಿದ್ದು ಇನ್ನೂ ಉಂಟು" ಎಂದ.

ಸುಮನಾಳೂ ನಾನೂ ಹೋದಾಗ ವಿನ್ಸೆಂಟ್ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದಿರಲಿಲ್ಲ. ಅವನ ತಾಯಿ ಸೆಲಿನ್ ಬಾಯಿ ಕುರ್ಚಿ ಎಳೆದು ಕೂರಿಸಿ, "ಬಾಯಾರಿಕೆಗೆ ಎಂತ ಕೊಡ್ಲಿ ಭಟ್ರೇ? ವೈನ್ ಉಂಟು, ವಿನ್ಸಿ ಹೇಳಿದ್ದಾನೆ" ಎಂದರು. ನಮ್ಮ ಕಡೆ ಕೇಳಿದ ಕೂಡಲೇ ಹೂಂ ಎನ್ನುವುದು ಮರ್ಯಾದೆಯಲ್ಲ. ಮೊದಲ ಸಲ ಬೇಡ, ಎರಡನೇ ಸಲ ಅಯ್ಯೋ ಬೇಡ, ಮೂರನೇ ಸಲ ಸ್ವಲ್ಪ ಸಾಕು. ಆ ಕ್ರಮದಂತೆ ನಾನು, "ಬೇಡ ಬೇಡ, ಈಗಷ್ಟೇ ಕಾಫಿ ಆಯ್ತು" ಎಂದೆ. "ಒಂಚೂರು ನೋಡಿ." "ಅಯ್ಯೋ, ಬೇಡವೇ ಬೇಡ." ಅವರು ನನ್ನ ಮುಖವನ್ನೊಮ್ಮೆ ದಿಟ್ಟಿಸಿ ಒಳಗೆ ಹೋದರು. ಉದ್ದ ಕಾಲಿನ ಎರಡು ಗ್ಲಾಸುಗಳಲ್ಲಿ ಕಡುಗೆಂಪು ಪಾನೀಯ ಬಂತು. ಮೂರನೇ ಸಲ ಕೇಳದೆಯೇ ಅರ್ಥ ಮಾಡಿಕೊಂಡರಲ್ಲ, ಎಂಥ ಸೂಕ್ಷ್ಮ ಎಂದುಕೊಂಡೆ. ಸಿನಿಮಾದಲ್ಲಿ ಕಲಿತಂತೆ ಗ್ಲಾಸು ತಿರುಗಿಸಿದೆ, ಬೆಳಕಿಗೆ ಹಿಡಿದೆ, ಮೂಸಿದೆ, ಕಣ್ಣು ಮುಚ್ಚಿ ಗುಟುಕರಿಸಿದೆ. ಸುಮನಾ ಒಂದು ಗುಟುಕು ಕುಡಿದು ನನ್ನನ್ನೇ ನೋಡುತ್ತಿದ್ದಳು. ಅದು ಮೆಚ್ಚುಗೆ ಎಂದು ಭಾವಿಸಿದೆ. ಆ ಸಂಜೆಯೇ ದಿನಚರಿಯಲ್ಲಿ ಬರೆದೆ: "ಮೊದಲು ಹುಳಿ, ಹಿಂದಿನಿಂದ ಸಿಹಿ, ಕೊನೆಗೆ ಹಳೆಯ ಮರದ ಪರಿಮಳ. ತಲೆ ಹಗುರ. ಈಗ ನಾನು ಮಾತಾಡಬಹುದು."

ಸಭೆಯಲ್ಲಿ ಆ ಪುಟವನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಓದಿದೆ. ಚಪ್ಪಾಳೆ ಬಿತ್ತು. ನಾಸಿಕದ ಕಡೆಯ ಹುಡುಗಿಯೊಬ್ಬಳು ಎದ್ದು, ಅದು ಯಾವ ಜಾತಿಯ ದ್ರಾಕ್ಷಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ವಿನ್ಸೆಂಟ್ ತಾಯಿಯನ್ನೂ ಕರೆತಂದು ಮುಂದೆ ಕೂರಿಸಿದ್ದ. "ಮಾಡಿದವರೇ ಇದ್ದಾರೆ, ಕೇಳಿ" ಎಂದು ನಾನು ಗತ್ತಿನಿಂದ ಕೈ ತೋರಿಸಿದೆ. ಮಗ ಪ್ರಶ್ನೆಯನ್ನು ಕಿವಿಯಲ್ಲಿ ಹೇಳಿದ ಮೇಲೆ ಸೆಲಿನ್ ಬಾಯಿ ಎದ್ದು ನಿಂತರು. "ದ್ರಾಕ್ಷಿ ಎಲ್ಲಿಂದ? ನಾನು ಕೊಟ್ಟದ್ದು ಪುನರ್ಪುಳಿ ಶರಬತ್ತು ಅಲ್ವಾ! ನೀವು ಎರಡೆರಡು ಸಲ ಬೇಡ ಹೇಳಿದ್ರಿ. ಪಾಪ, ಕುಡಿಯದವರನ್ನು ವಿನ್ಸಿ ಒತ್ತಾಯ ಮಾಡಿ ಕಳಿಸಿದ್ದಾನೆ, ನಾಚಿಕೆ ಆಗುದು ಬೇಡ ಅಂತ ಅದೇ ಗ್ಲಾಸಲ್ಲಿ ಹಾಕಿದೆ ಭಟ್ರೇ." ಕನ್ನಡ ಬಲ್ಲವರು ಮೊದಲು ನಕ್ಕರು. ವಿನ್ಸೆಂಟ್ ಅನುವಾದಿಸಿದ ಮೇಲೆ ಉಳಿದ ಭಾರತ ನಕ್ಕಿತು. ಪ್ರತಿ ಬೇಸಗೆಯಲ್ಲಿ ನಮ್ಮ ಮನೆಯಲ್ಲೇ ಚೊಂಬುಗಟ್ಟಲೆ ಕುಡಿಯುವ, ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ಅದು!

ಮನೆಗೆ ಬಂದವನೇ ಕೆಂಪು ಪೆನ್ನು ಹಿಡಿದು ಆ ಪುಟ ಹೊಡೆದುಹಾಕಲು ಕೂತೆ. "ಅದು ಪುನರ್ಪುಳಿ ಅಂತ ನಿನಗೆ ಗೊತ್ತಿತ್ತಾ?" ಎಂದು ಸುಮನಾಳನ್ನು ಕೇಳಿದೆ.

"ಮೊದಲ ಗುಟುಕಿಗೇ."

"ಮತ್ತೆ ಹೇಳ್ಬಾರದಾ?"

"ಹೇಗೆ ಹೇಳುದು? ತಲೆ ತಿರುಗ್ತದೆ, ನೀನೇ ಬಿಡು ಅಂತ ಕಾರಿನ ಕೀಲಿ ಕೊಟ್ರಲ್ಲ! ನನಗೆ ಲೈಸನ್ಸ್ ಆಗಿ ಒಂಬತ್ತು ವರ್ಷದಲ್ಲಿ ಅದೇ ಮೊದಲು. ಶರಬತ್ತು ಅಂತ ಹೇಳಿದ್ರೆ ಕೀಲಿ ವಾಪಸ್ ಕೇಳ್ತಿದ್ರಿ. ಕಾರ್ಕಳದಿಂದ ಇಲ್ಲಿವರೆಗೆ ಬಿಟ್ಟದ್ದು ನಾನು. ಎಲ್ಲಿ, ಅದನ್ನು ಬರೆದದ್ದು ತೋರಿಸಿ ನೋಡುವ."

ಪುಟ ತಿರುವಿದೆ. ಬರೆದಿರಲಿಲ್ಲ. ಅಂದು ನಡೆದದ್ದರಲ್ಲಿ ನಿಜವೆಂದು ಇದ್ದದ್ದು ಅದೊಂದೇ. ಅವಳ ಎದುರಿಗೇ ಬರೆದೆ: "ವಾಪಸು ಬರುವಾಗ ಕಾರು ಬಿಟ್ಟದ್ದು ಸುಮನಾ. ತುಂಬ ಚೆನ್ನಾಗಿ ಬಿಟ್ಟಳು." ಓದಿ ಸಮಾಧಾನದಿಂದ ಒಳಗೆ ಹೋದಳು. ಆ ಎರಡನೆಯ ವಾಕ್ಯಕ್ಕೆ ಮಾತ್ರ ನನ್ನಲ್ಲಿ ಆಧಾರವಿಲ್ಲ. ಹೆದರಿಕೆಯಿಂದ ನಾನು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ.