ಸೀರೆಯ ಇನ್ನೊಂದು ತುದಿ

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗಿಬರದ ಕೆಲಸ. ಯಾರಾದರೂ ದಾರಿ ಕೇಳಿದರೆ ಸಾಕು, ಆ ಜಾಗದ ಹೆಸರನ್ನೇ ಕೇಳಿರದಿದ್ದರೂ ನನ್ನ ಕೈ ತಾನಾಗಿ ಎದ್ದು ಉತ್ತರಹಳ್ಳಿಯ ಕಡೆ ತೋರಿಸಿಬಿಡುತ್ತದೆ. ಇದೇ ಚಾಳಿಯಿಂದ, ಮಗಳು ಸಿಂಧು ಪಿಯುಸಿಗೆ ಸೇರಿದಾಗ "ಫಿಸಿಕ್ಸಿಗೆ ಟ್ಯೂಷನ್ ಯಾಕೆ? ನಾನಿಲ್ವಾ?" ಎಂದುಬಿಟ್ಟೆ. ನನ್ನ ಹೆಂಡತಿ ಸುಮಾ ಎದುರಾಡಲಿಲ್ಲ. ಜಯನಗರದ ಟ್ಯೂಷನ್ ಮೇಷ್ಟ್ರ ಫೋನ್ ನಂಬರನ್ನು ಮಾತ್ರ ಅಳಿಸದೆ ಇಟ್ಟುಕೊಂಡಳು.

ಮೊದಲ ಪಾಠಗಳನ್ನು ಹೇಗೋ ತಳ್ಳಿದೆ. ಸಿಕ್ಕಿಬಿದ್ದದ್ದು ಅಲೆಗಳ ಪಾಠದಲ್ಲಿ. ಮುಂದಕ್ಕೆ ಸಾಗುವ ಅಲೆಯ ಸಮೀಕರಣವಂತೆ; ಬ್ರಾಕೆಟ್ಟಿನೊಳಗೆ 'ಒಮೇಗಾ ಟಿ ಮೈನಸ್ ಕೆ ಎಕ್ಸ್' ಎಂದಿತ್ತು. ಟಿ ಅಂದರೆ ಕಾಲ, ಎಕ್ಸ್ ಅಂದರೆ ದೂರ, ಅಷ್ಟು ನೆನಪಿತ್ತು. "ಅಪ್ಪಾ, ಅಲೆ ಮುಂದಕ್ಕೆ ಹೋಗ್ತಿದೆ ಅಂದ್ಮೇಲೆ ಪ್ಲಸ್ ಇರ್ಬೇಕಲ್ವಾ? ಮೈನಸ್ ಯಾಕಿದೆ?" ಎಂದಳು. "ಪ್ರಿಂಟಿಂಗ್ ಮಿಸ್ಟೇಕು" ಎಂದೆ. ಅವಳು ಗೈಡ್ ತೆಗೆದಳು, ಅದರಲ್ಲೂ ಮೈನಸ್. ಮೊಬೈಲಿನಲ್ಲಿ ಹುಡುಕಿದಳು, ಅಲ್ಲೂ ಮೈನಸ್. ಇಡೀ ಜಗತ್ತೇ ತಪ್ಪು ಅಚ್ಚುಹಾಕಿದೆ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. "ಸೋಮವಾರ ಟೆಸ್ಟು. ಇದು ಅರ್ಥ ಆಗ್ಲಿಲ್ಲ ಅಂದ್ರೆ ಟ್ಯೂಷನ್ನಿಗೇ ಸೇರ್ಕೋತೀನಪ್ಪ" ಎಂದಳು ತಣ್ಣಗೆ. ಮಾನ ಹೋಗುವುದು ಹಾಗಿರಲಿ, ಈ ವಯಸ್ಸಿನ ಮಗಳು ಅಪ್ಪನ ಪಕ್ಕ ಬಂದು ಕೂರುವುದೇ ಸಂಜೆಯ ಆ ಒಂದು ಹೊತ್ತು. ಅದೂ ಇನ್ನು ಜಯನಗರದ ಪಾಲಾಗುತ್ತಿತ್ತು.

ಭಾನುವಾರ ಮಧ್ಯಾಹ್ನದವರೆಗೂ ಆ ಮೈನಸ್ಸನ್ನು ದಿಟ್ಟಿಸಿ ಕೂತಿದ್ದೆ. ಅಷ್ಟರಲ್ಲಿ ಟೆರೇಸಿನಿಂದ ಸುಮಾಳ ಕೂಗು: "ರೀ, ಸೀರೆ ಮಡಿಸ್ಬೇಕು, ಮೇಲ್ ಬನ್ನಿ." ಗಂಜಿ ಹಾಕಿದ ಕಾಟನ್ ಸೀರೆ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಎಳೆದು, ಜಾಡಿಸಿ ಸುಕ್ಕು ಬಿಡಿಸಬೇಕು. ನಮ್ಮ ಮನೆಯಲ್ಲಿ ಆ ಇನ್ನೊಂದು ತುದಿ ನಾನೇ. ಸಿಂಧುವೂ ಪುಸ್ತಕ ಹಿಡಿದು ಹಿಂದೆಯೇ ಬಂದಳು. ಸುಮಾ ತನ್ನ ತುದಿಯನ್ನು ಒಮ್ಮೆ ಜಾಡಿಸಿದಳು. ಒಂದು ಉಬ್ಬು ಎದ್ದು ಸೀರೆಯುದ್ದಕ್ಕೂ ಓಡಿ ಬಂದು ನನ್ನ ಕೈಯನ್ನು ಎತ್ತಿಹಾಕಿತು. ಸೀರೆ ಇದ್ದಲ್ಲೇ ಇತ್ತು, ಬಂದದ್ದು ಉಬ್ಬು ಮಾತ್ರ. ಅವಳ ಕೈ ಆಗ ಮಾಡಿದ್ದನ್ನು ನನ್ನ ಕೈ ಈಗ ಮಾಡುತ್ತಿತ್ತು. ಬನಶಂಕರಿ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ಹಿಂದಿದ್ದವರು ಅಲ್ಲಾಡುವುದು ತಡವಾಗಿಯೇ ಅಲ್ಲವೇ? ದೂರ ಹೆಚ್ಚಿದಷ್ಟೂ ತಡ ಹೆಚ್ಚು, ಆ ತಡವನ್ನು ಕಾಲದಿಂದ ಕಳೆಯಬೇಕು. ಮೈನಸ್ ಎನ್ನುವುದು ಹಿಂದಕ್ಕೆ ಹೋದದ್ದರ ಗುರುತಲ್ಲ, ತಡವಾಗಿ ತಲುಪಿದ್ದರ ಗುರುತು.

"ಸಿಂಧು, ಸಿಕ್ತು ಕಣೇ" ಎಂದು ಎರಡೂ ಕೈ ಎತ್ತಿದೆ. ಸೀರೆಯ ನನ್ನ ತುದಿ ಹೋಗಿ, ಆಗಷ್ಟೇ ನೀರು ಹಾಕಿದ್ದ ದಾಸವಾಳದ ಕುಂಡದ ಮಣ್ಣಿನಲ್ಲಿ ಕೂತಿತು. ಸುಮಾಳ ಮುಖ ನೋಡುವ ಧೈರ್ಯವಾಗದೆ ಮಗಳ ಕಡೆಗೇ ತಿರುಗಿ ಎಲ್ಲ ವಿವರಿಸಿದೆ. ಅವಳು ಒಂದು ಗಳಿಗೆ ಯೋಚಿಸಿ, "ಹಾಗಾದ್ರೆ ದೂರಾನ ಅಮ್ಮನ ಕಡೆಯಿಂದ ಅಳೀತಾ ಹೋದ್ರೆ, ಅಮ್ಮನಿಂದ ನಿನ್ ಕಡೆ ಬರೋ ಅಲೆಗೆ ಮೈನಸ್ಸು, ನಿನ್ನಿಂದ ಅಮ್ಮನ ಕಡೆ ಹೋಗೋದಕ್ಕೆ ಪ್ಲಸ್ಸು" ಎಂದಳು. ಅಷ್ಟು ದೂರ ನಾನೇ ಯೋಚಿಸಿರಲಿಲ್ಲ. "ಅಮ್ಮಾ, ಟ್ಯೂಷನ್ ಬೇಡ ಬಿಡು" ಎಂದೂ ಸೇರಿಸಿದಳು. ನನ್ನ ಕಣ್ಣು ಸ್ವಲ್ಪ ತೇವವಾದದ್ದು ನಿಜ, ಬಿಸಿಲಿಗೆ ಎಂದುಕೊಳ್ಳಿ.

"ಅಪ್ಪಾ, ನೀನು ಓದೋವಾಗ ಇದು ಅರ್ಥ ಆಗಿರ್ಲಿಲ್ವಾ?" ಎಂದು ಕೇಳಿದಳು. ಆಗಿತ್ತು ಎನ್ನಲು ಅಭ್ಯಾಸಬಲದಿಂದ ಎದ್ದ ನಾಲಿಗೆಯನ್ನು ಹಿಡಿದು ಕೂರಿಸಿ, "ಇಲ್ಲಮ್ಮ" ಎಂದೆ. "ಪರ್ವಾಗಿಲ್ಲ, ನಿಮ್ ಲೆಕ್ಚರರ್ ಆವತ್ತು ಜಾಡಿಸಿದ್ದು ನಿನ್ ತುದಿಗೆ ಇವತ್ತು ಬಂದಿದೆ" ಎಂದು ನಕ್ಕಳು.

ಸುಮಾ ಮಾತ್ರ ನಗಲಿಲ್ಲ. ಮಣ್ಣಾದ ಸೀರೆಯನ್ನು ಸುತ್ತಿ ನನ್ನ ಕೈಗಿಟ್ಟು, "ಒಗೆದು ಗಂಜಿ ಹಾಕ್ಕೊಂಡು ಬನ್ನಿ" ಎಂದಳು. ಆ ಅಲೆ ನನ್ನ ತುದಿಗೆ ಕಿಂಚಿತ್ತೂ ತಡವಿಲ್ಲದೆ ತಲುಪಿತು.