ಕೆಂಚವ್ವನ ಗಿರಣಿ ಬಂದಾದ ದಿನ

ಸಾಲಹಳ್ಳಿ ಗುಡ್ಡದ ಮೇಲಿನ ಕರೆಂಟು ತಯಾರಿಸುವ ಗಾಳಿಯಂತ್ರ ದಿನಾ ಹನ್ನೊಂದಕ್ಕೆ ನಿಲ್ಲುತ್ತಿತ್ತು. ಆ ಹೊತ್ತಿಗೆ ಊರಿಗೆ ತ್ರೀಫೇಸ್ ಕರೆಂಟು ಬರುತ್ತಿತ್ತು. ಕೆಂಚವ್ವ ಹಿಟ್ಟಿನ ಗಿರಣಿ ಹಚ್ಚುತ್ತಿದ್ದಳು, ಹೊಲದವರು ಪಂಪು ಹಚ್ಚುತ್ತಿದ್ದರು. ಲೈನಿನ ವೋಲ್ಟೇಜು ಕುಸಿಯುತ್ತಿತ್ತು. ಯಂತ್ರ ಮುನಿಸಿಕೊಂಡ ಅಳಿಯನ ಹಾಗೆ ಲೈನು ಬಿಟ್ಟು ಸುಮ್ಮನಾಗುತ್ತಿತ್ತು. ಬೈಗುಳ ಮಾತ್ರ ಆಪರೇಟರ್ ಮುಜಫ್ಫರನಿಗೆ.

ಎರಡು ಸಾವಿರದ ನಾಲ್ಕರ ಆಷಾಢದಲ್ಲಿ ಒಂದು ಬೆಳಿಗ್ಗೆ ಮ್ಯಾನೇಜರರ ಫೋನು ಬಂತು. ಬೆಳಗಾವಿಯಿಂದ ಎಂಜಿನಿಯರ್ ಸ್ನೇಹಲ್ ಬಾಯಿ ಹೊಸ ಕಂಟ್ರೋಲ್ ಪೆಟ್ಟಿಗೆ ತಂದು ಕೂಡಿಸುತ್ತಾರೆ, ಇವತ್ತೂ ಯಂತ್ರ ನಿಂತರೆ ನಿನ್ನನ್ನು ಗದಗಿನ ಗುಡ್ಡಕ್ಕೆ ವರ್ಗ ಹಾಕುತ್ತೇವೆ ಎಂದರು. ಮನೆಯಲ್ಲಿ ಹೆಂಡತಿ ಫಿರದೋಸ್‌ಗೆ ತುಂಬು ತಿಂಗಳು.

ಮುಜಫ್ಫರ ಬೈಕು ಹತ್ತಿ ಗಿರಣಿಗೆ ಓಡಿದ.

"ನಿನ್ನ ಫ್ಯಾನಿಗೆ ನನ್ನ ಗಿರಣಿ ಏನ ಮಾಡೇತೋ ತಮ್ಮಾ?" ಎಂದಳು ಕೆಂಚವ್ವ.

"ನೀವು ಹಚ್ಚಿದ್ರ ವೋಲ್ಟೇಜ್ ಬೀಳತೈತ್ರಿ, ಅದರ ಹಿಂದ ಮಷಿನ್ ಬೀಳತೈತಿ, ಮಷಿನ್ ಹಿಂದ ನಾ ಬೀಳತೇನಿ."

ಫಿರದೋಸ್‌ಳ ಸುದ್ದಿ ಕೇಳಿದ್ದೇ ಕೆಂಚವ್ವ ಗಿರಣಿಗೆ ಕೀಲಿ ಹಾಕಿ ತಾನೇ ಬೈಕಿನ ಹಿಂದೆ ಕುಳಿತಳು. ಇಬ್ಬರೂ ಹೊಲ ಹೊಲ ತಿರುಗಿದರು. ನಿನ್ನ ರೆಕ್ಕೆಗಳೇ ಮೋಡ ಓಡಿಸುತ್ತಿವೆ ಎಂದು ರೈತ ದುರ್ಗಪ್ಪ ತಕರಾರು ತೆಗೆದ. ಕೆಂಚವ್ವ ಅವನ ಕೈಯಿಂದಲೇ ಪಂಪು ಬಂದ್ ಮಾಡಿಸಿದಳು.

ಮುಜಫ್ಫರ ಗುಡ್ಡಕ್ಕೆ ಮರಳುವಷ್ಟರಲ್ಲಿ ಸ್ನೇಹಲ್ ಬಾಯಿ ಬಂದು ಪೆಟ್ಟಿಗೆ ಕೂಡಿಸಿದ್ದರು. ಹನ್ನೊಂದಾಯಿತು, ಹನ್ನೆರಡೂ ಆಯಿತು. ವೋಲ್ಟೇಜ್ ಮೀಟರಿನ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ಅಲುಗಲಿಲ್ಲ. ಮುಜಫ್ಫರ ಹಿಗ್ಗಿ ಹೀರೇಕಾಯಿಯಾದ. ಸ್ನೇಹಲ್ ಬಾಯಿಯ ಮುಖ ಮಾತ್ರ ಬಾಡುತ್ತಾ ಬಂತು.

"ವೋಲ್ಟೇಜ್ ಬಿದ್ದರೂ ಮಷಿನ್ ಲೈನ್ ಬಿಡದಂಗ ಹಿಡಿಯೋದ ಈ ಪೆಟಗಿ ಕೆಲಸ. ಜಿಲ್ಲಾದಾಗ ಎಲ್ಲಕ್ಕಿಂತ ಕೆಟ್ಟ ಲೈನ್ ನಿಮ್ಮದು ಅಂತ ಹುಡಿಕ್ಯಾಡಿ ಬಂದೇನಿ. ಇವತ್ತ ವೋಲ್ಟೇಜ್ ಬೀಳವಲ್ದಲ್ಲ, ಪರೀಕ್ಷಾ ಹೆಂಗ ಮಾಡ್ಲಿ?" ಎಂದರು.

ಮುಜಫ್ಫರ ಮತ್ತೆ ಊರಿಗೆ ಹಾರಿದ. ತ್ರೀಫೇಸ್ ಕರೆಂಟು ಹೋಗಲು ಕಾಲು ಗಂಟೆ ಉಳಿದಿತ್ತು. ಎಲ್ಲವನ್ನೂ ಹಚ್ಚಿರಿ ಎಂದು ಕೈಮುಗಿದ. ಹೆಂಡತಿಯ ಚಿಂತೆಯಲ್ಲಿ ಹುಡುಗನ ತಲೆ ಕೆಟ್ಟಿದೆ ಎಂದು ಕೆಂಚವ್ವ ಹಿಡಿದು ಕೂರಿಸಿ ಮಜ್ಜಿಗೆ ಕುಡಿಸಿದಳು. ಕಡೆಗೆ ಅವನು ಅತ್ತೇ ಬಿಟ್ಟಾಗ ಕೀಲಿ ತೆಗೆದಳು. ದುರ್ಗಪ್ಪ ಹೊಲದ ತುಂಬ ಕೂಗು ಹಾಕಿದ. ಗಿರಣಿ, ಹದಿನಾಲ್ಕು ಪಂಪು ಎಲ್ಲಾ ಒಂದೇ ಏಟಿಗೆ ಗುಡುಗಿದವು.

ಮುಳ್ಳು ನೆಲ ಕಚ್ಚಿತು. ಗುಡ್ಡದ ಮೇಲೆ ರೆಕ್ಕೆಗಳು ಮಾತ್ರ ತಿರುಗುತ್ತಲೇ ಇದ್ದವು. ಪೆಟ್ಟಿಗೆ ಪಾಸಾಯಿತು. ಮುಜಫ್ಫರ ಕುಣಿಯುತ್ತಾ ಗುಡ್ಡ ಹತ್ತಿದ.

ಸಂಜೆ ಮ್ಯಾನೇಜರರು ಖುಷಿಯಿಂದ ಫೋನು ಮಾಡಿದರು. "ಬೇಕಂದಾಗ ವೋಲ್ಟೇಜ್ ಎಬ್ಬಸ್ತಾನ, ಬೇಕಂದಾಗ ಕೆಡವತಾನ, ಇಂಥಾ ಮನಶ್ಯಾ ಎಲ್ಲೂ ಸಿಗೂದಿಲ್ಲ ಅಂತ ಬಾಯಿಯವ್ರು ಬರದ ಕೊಟ್ಟಾರ. ಗದಗಿನ ಗುಡ್ಡದಾಗ ಇನ್ನೂ ನಲವತ್ತು ಪೆಟಗಿ ಕೂಡಿಸಿ ಪರೀಕ್ಷಾ ಮಾಡೂದೈತಪಾ. ನಾಳೆ ಮುಂಜಾನಿ ನಿನ್ನ ಕರಕೊಂಡ ಹೋಗಾಕ ಜೀಪ್ ಕಳಸ್ತೇನಿ."